ಸೂಲಗಿತ್ತಿ ಕರಡಿಯ ಗೇರ್ ಸೈಕಲ್

ಗುಡ್ಡವೊಂದರ ಎರಡೂ ಮಗ್ಗುಲಿಗೆ ಹಬ್ಬಿದ್ದ ಕಾಡಿನಲ್ಲಿ ದುರುಗವ್ವ ಎಂಬ ಕರಡಿ ಇದ್ದಳು. ಅವಳು ಸೂಲಗಿತ್ತಿ. ಮೊಲವಾಗಲಿ, ಜಿಂಕೆಯಾಗಲಿ, ಯಾರಿಗೆ ಹೆರಿಗೆ ನೋವು ಕಾಣಿಸಿಕೊಂಡರೂ ದುರುಗವ್ವನಿಗೇ ಕರೆ ಬರುತ್ತಿತ್ತು.

ವಯಸ್ಸಾದಂತೆ ಅವಳಿಗೆ ಮಂಡಿನೋವು ಶುರುವಾಯಿತು. ಗುಡ್ಡ ಹತ್ತಿ ಆಚೆ ಮಗ್ಗುಲಿಗೆ ಹೋಗುವುದು ಕಷ್ಟವಾಯಿತು. ಆಗ ತಿಮ್ಮರಸು ಎಂಬ ನರಿಯ ಬಂಡಿಯೇ ಗತಿಯಾಯಿತು. ಎರಡು ಕಾಡುಹಂದಿಗಳನ್ನು ಹೂಡಿದ ಬಂಡಿ ಅದು. ಬಾಣಂತಿಯ ಮನೆಯವರು ದುರುಗವ್ವನಿಗೆ ಪ್ರೀತಿಯಿಂದ ಜೇನುಹುಟ್ಟು ಕೊಟ್ಟರೆ, ಅದರಲ್ಲಿ ದೊಡ್ಡ ಪಾಲು ಬಾಡಿಗೆಯೆಂದು ನರಿಯ ಹೊಟ್ಟೆ ಸೇರುತ್ತಿತ್ತು. ಅವನು ಹೊರಟಾಗ ಹೊರಡಬೇಕು, ನಿಂತಾಗ ನಿಲ್ಲಬೇಕು. ಒಮ್ಮೆ ಮೊಲವೊಂದರ ಹೆರಿಗೆಗೆ ಹೊರಟಾಗ ಅವನು ದಾರಿಯಲ್ಲಿ ಬಂಡಿ ನಿಲ್ಲಿಸಿ ನೇರಳೆಹಣ್ಣು ತಿನ್ನುತ್ತ ಕುಳಿತುಬಿಟ್ಟ. ದುರುಗವ್ವ ತಲುಪುವಷ್ಟರಲ್ಲಿ ಮೊಲದ ಮರಿಯ ಉಸಿರು ನಿಂತಿತ್ತು. ಆಮೇಲೆ ಬಹಳ ದಿನ ಅವಳಿಗೆ ಸರಿಯಾಗಿ ಊಟ ಸೇರಲಿಲ್ಲ.

ಹೀಗಿರುವಾಗ ಲಕ್ಕವ್ವ ಎಂಬ ಮುಸುವ ಕೋತಿ ಒಂದು ಸೈಕಲ್ ತಳ್ಳಿಕೊಂಡು ಬಂದಳು. ಟಾರು ರಸ್ತೆಯ ಬದಿಯ ಪೊದೆಯಲ್ಲಿ ಯಾರೋ ಬಿಸಾಡಿ ಹೋಗಿದ್ದ ಸೈಕಲ್ ಅದು. ಲಕ್ಕವ್ವನ ಮಕ್ಕಳೆಲ್ಲ ದುರುಗವ್ವನ ಕೈಯಲ್ಲೇ ಹುಟ್ಟಿದವರು.

"ದುರುಗಕ್ಕ, ನೀನು ಹುಡುಗಿಯಾಗಿದ್ದಾಗ ಸೈಕಲ್ ಹೊಡೆಯುತ್ತಿದ್ದೆಯಂತೆ. ಇದನ್ನು ನೀನೇ ಇಟ್ಟುಕೋ," ಎಂದಳು.

ದುರುಗವ್ವ ಸೈಕಲ್ಲಿನ ಸುತ್ತ ಒಂದು ಸುತ್ತು ಬಂದಳು. "ಹೊಡೆಯುತ್ತಿದ್ದೆ, ನಿಜ. ಅದು ಸಾದಾ ಸೈಕಲ್. ಇದರ ಹಿಂದಿನ ಗಾಲಿಗೆ ನೋಡು, ಎಷ್ಟೊಂದು ಹಲ್ಲುಚಕ್ರ. ಹ್ಯಾಂಡಲ್ಲಿನಲ್ಲಿ ಇದೇನೋ ಗುಂಡಿ ಬೇರೆ."

"ಅದು ಗೇರ್ ಅಂತೆ. ನನಗೂ ಅಷ್ಟೇ ಗೊತ್ತು," ಎಂದಳು ಲಕ್ಕವ್ವ.

ಸುದ್ದಿ ನರಿಯ ಕಿವಿಗೆ ಬಿತ್ತು. ಕರಡಿ ಸೈಕಲ್ ಕಲಿತರೆ ತನ್ನ ಜೇನಿಗೆ ಕಲ್ಲು ಬೀಳುತ್ತದೆ ಎಂದು ಅವನಿಗೆ ತಕ್ಷಣ ಹೊಳೆಯಿತು. ಮರುದಿನ ಬೆಳಿಗ್ಗೆಯೇ ನಗುನಗುತ್ತ ಬಂದ.

"ದುರುಗವ್ವ, ಗೇರ್ ಸೈಕಲ್ ಎಂದರೆ ಹುಡುಗಾಟವಲ್ಲ. ನಾನು ಹೇಳಿಕೊಡುತ್ತೇನೆ," ಎಂದ.

ದುರುಗವ್ವ ನಂಬಿದಳು. ಬಯಲಿನಲ್ಲಿ ಸೈಕಲ್ ಹತ್ತಿದಳು. ಮೊದಲು ಹ್ಯಾಂಡಲ್ ಆ ಕಡೆ ಈ ಕಡೆ ಓಲಾಡಿತು. ಲಂಟಾನದ ಪೊದೆಗೆ ನುಗ್ಗಿ ಮೈಯೆಲ್ಲ ಗೀರಿಕೊಂಡಳು. ಎದ್ದು ಮತ್ತೆ ಹತ್ತಿದಳು. ಸ್ವಲ್ಪ ಹೊತ್ತಿನಲ್ಲಿ ಬೆನ್ನು ತಾನಾಗಿ ನೆಟ್ಟಗಾಯಿತು, ಕಾಲಿಗೆ ಹಳೆಯ ಲಯ ಸಿಕ್ಕಿತು. ತಾನು ಮರೆತಿದ್ದರೂ ಮೈ ಮರೆತಿಲ್ಲ ಎಂದು ಅವಳಿಗೆ ಖುಷಿಯಾಯಿತು.

"ಈಗ ಏರು," ಎಂದ ನರಿ. "ಏರಿನಲ್ಲಿ ಚೈನು ಯಾವಾಗಲೂ ಸಣ್ಣ ಚಕ್ರದ ಮೇಲಿರಬೇಕು. ದೊಡ್ಡ ಚಕ್ರ ಮುಟ್ಟಲೇಬೇಡ. ಮುಟ್ಟಿದರೆ ಚೈನು ಕಡಿದು ಮುಖಕ್ಕೇ ಹೊಡೆಯುತ್ತದೆ."

ದುರುಗವ್ವ ಹಾಗೆಯೇ ಮಾಡಿದಳು. ಗುಡ್ಡದ ಬುಡದಲ್ಲೇ ಪೆಡಲ್ ಕಲ್ಲಿನಂತೆ ಬಿಗಿಯಿತು. ಮೈಭಾರವನ್ನೆಲ್ಲ ಹಾಕಿ ತುಳಿದರೂ ಅಲುಗಲಿಲ್ಲ. ಸೈಕಲ್ ನಿಂತಿತು, ವಾಲಿತು, ಅವಳು ದೊಪ್ಪನೆ ಬಿದ್ದಳು. ಮತ್ತೆ ಹತ್ತಿದಳು, ಮತ್ತೆ ಬಿದ್ದಳು. ಮಂಡಿ ಊದಿಕೊಂಡಿತು.

"ಬೇಜಾರು ಮಾಡಿಕೊಳ್ಳಬೇಡ ದುರುಗವ್ವ. ಇದಕ್ಕೆಲ್ಲ ಎಳೆಯ ಕಾಲು ಬೇಕು. ನನ್ನ ಬಂಡಿ ಇದೆಯಲ್ಲ," ಎಂದ ನರಿ.

ದುರುಗವ್ವ ಸೈಕಲ್ಲನ್ನು ಗುಹೆಯ ಗೋಡೆಗೆ ಒರಗಿಸಿಟ್ಟಳು. ಅದರ ಕಡೆ ನೋಡಲಿಕ್ಕೂ ಅವಳಿಗೆ ಮನಸ್ಸಾಗಲಿಲ್ಲ.

ಒಂದು ಮಧ್ಯಾಹ್ನ ಗುಡ್ಡದ ಆಚೆಯಿಂದ ಗಂಡು ಜಿಂಕೆಯೊಂದು ಏದುಸಿರು ಬಿಡುತ್ತ ಓಡಿಬಂತು. "ದುರುಗವ್ವ, ನನ್ನ ಹೊನ್ನಿಗೆ ಬೆಳಗಿನಿಂದ ನೋವು. ಮರಿ ಅಡ್ಡ ಸಿಕ್ಕಿಕೊಂಡ ಹಾಗಿದೆ. ಬೇಗ ಬಾ."

ದುರುಗವ್ವ ನರಿಯ ಮನೆಗೆ ಹೋದಳು. ನರಿ ಮಲಗಿದ್ದಲ್ಲಿಂದ ಏಳಲಿಲ್ಲ.

"ಬಿಸಿಲು ಇಳಿಯಲಿ. ಹಂದಿಗಳು ಈಗ ತಾನೇ ಗೆಡ್ಡೆ ತಿಂದಿವೆ. ಅಷ್ಟರಲ್ಲಿ ಇನ್ನೊಂದು ಜೇನುಹುಟ್ಟು ಹೊಂದಿಸಲು ಜಿಂಕೆಗೆ ಹೇಳು," ಎಂದ.

ದುರುಗವ್ವನಿಗೆ ಮೊಲದ ಮರಿ ಕಣ್ಣ ಮುಂದೆ ಬಂತು. ನೇರ ಗುಹೆಗೆ ಹೋಗಿ ಸೈಕಲ್ ಎಳೆದುಕೊಂಡು ಹೊರಟಳು.

ಬಯಲು ದಾಟಿದಳು. ಏರು ಶುರುವಾಯಿತು. ಪೆಡಲ್ ಮತ್ತೆ ಬಿಗಿಯಿತು. ಈ ಸಲ ಬೀಳುವ ಮೊದಲೇ ಅವಳು ಇಳಿದಳು. 'ಸಣ್ಣ ಚಕ್ರದಲ್ಲಿ ಕಾಲು ಆಡುತ್ತಿಲ್ಲ. ದೊಡ್ಡದರಲ್ಲಿ ಏನಾಗುತ್ತದೆ, ನೋಡಿಯೇ ಬಿಡೋಣ,' ಎಂದುಕೊಂಡಳು. ಮುಖ ಆ ಕಡೆ ತಿರುಗಿಸಿಕೊಂಡು, ಸೀಟಿಗೆ ಹೆಗಲು ಕೊಟ್ಟು ಹಿಂದಿನ ಗಾಲಿ ಎತ್ತಿ, ಒಂದು ಕೈಯಿಂದ ಪೆಡಲ್ ತಿರುಗಿಸುತ್ತ ಇನ್ನೊಂದರಿಂದ ಗುಂಡಿ ಒತ್ತಿದಳು. ಕಟಕ್ ಎಂದಿತು. ಚೈನು ಕಡಿಯಲಿಲ್ಲ. ಪಕ್ಕದ ಚಕ್ರಕ್ಕೆ ಜಿಗಿಯಿತು. ಇನ್ನೊಮ್ಮೆ ಒತ್ತಿದಳು, ಮತ್ತೊಮ್ಮೆ ಒತ್ತಿದಳು. ಚೈನು ದೊಡ್ಡ ಚಕ್ರಕ್ಕೆ ಹೋಗಿ ಕುಳಿತಾಗ ಪೆಡಲ್ ಹತ್ತಿಯಂತೆ ಹಗುರಾಯಿತು.

ದುರುಗವ್ವ ಹತ್ತಿ ಕುಳಿತಳು. ಸೈಕಲ್ ನಿಧಾನಕ್ಕೆ ಹೋಯಿತು, ಆದರೆ ನಿಲ್ಲಲಿಲ್ಲ. ನರಿ ಬೇಕೆಂದೇ ತಪ್ಪು ಹೇಳಿಕೊಟ್ಟನೆಂದು ಅವಳಿಗೆ ಅರ್ಥವಾಯಿತು. ಸಿಟ್ಟು ಬಂತು. ಆ ಸಿಟ್ಟನ್ನೂ ಪೆಡಲ್ಲಿಗೇ ಹಾಕಿ ತುಳಿದಳು. ಜಿಂಕೆ ಮುಂದೆ ಮುಂದೆ ಓಡಿ ದಾರಿ ತೋರಿಸಿತು.

ನೆತ್ತಿ ದಾಟಿ ಸ್ವಲ್ಪ ಇಳಿದರೆ ಹೊನ್ನಿಯ ಮನೆ. ಸೈಕಲ್ಲನ್ನು ಮರಕ್ಕೆ ಒರಗಿಸಿ ದುರುಗವ್ವ ಒಳಗೆ ಹೋದಳು. ಮರಿ ನಿಜಕ್ಕೂ ಅಡ್ಡ ತಿರುಗಿತ್ತು. ಹೊಟ್ಟೆ ನೀವಿ, ಮೆಲ್ಲಗೆ ತಿರುಗಿಸಿ, ಹೊರಗೆ ತಂದಳು. ಮರಿ ಸೀನಿತು, ಆಮೇಲೆ ಕಣ್ಣು ಬಿಟ್ಟಿತು.

"ಇನ್ನು ಸ್ವಲ್ಪ ತಡವಾಗಿದ್ದರೆ?" ಎಂದು ಹೊನ್ನಿ ಕೇಳಿದಳು.

"ತಡವಾಗಲಿಲ್ಲವಲ್ಲ. ಹಾಲು ಕುಡಿಸು," ಎಂದಳು ದುರುಗವ್ವ.

ಹೊರಗೆ ಬಂದು ನೋಡಿದರೆ ಸೈಕಲ್ ಇರಲಿಲ್ಲ. ಮರದ ಹತ್ತಿರ ನರಿಯ ಬಂಡಿ ನಿಂತಿತ್ತು. ಮಣ್ಣಿನಲ್ಲಿ ಟೈರಿನ ಗುರುತು ಇಳಿಜಾರಿಗೆ ಹೋಗಿತ್ತು. ಅದನ್ನೇ ಹಿಡಿದು ನಡೆದಾಗ ಕೆಳಗಿನಿಂದ ಊಳಿಡುವ ಸದ್ದು ಕೇಳಿಸಿತು.

ತಿರುವಿನಲ್ಲಿ ನರಿ ಬಿದ್ದುಕೊಂಡಿದ್ದ. ಮೇಲೆ ಸೈಕಲ್. ಅವನ ಬಾಲ ಚೈನಿನಲ್ಲಿ ಸುತ್ತಿಕೊಂಡಿತ್ತು.

"ದುರುಗವ್ವ, ಬಿಡಿಸು. ಜೀವ ಹೋಗುತ್ತಿದೆ."

"ನೀನು ಇಲ್ಲಿಗೆ ಯಾಕೆ ಬಂದೆ?"

"ನೀನು ಏರು ಹತ್ತಿದ್ದು ನೋಡಿ, ಸೈಕಲ್ಲನ್ನು ಕಣಿವೆಗೆ ಹಾಕೋಣ ಎಂದು ಬಂದೆ. ಬೇಗ ಓಡಿಸಿದೆ. ಪೆಡಲ್ ಗಿರಗಿರ ತಿರುಗಿ ಕಾಲು ತಪ್ಪಿತು. ಗುಂಡಿಯನ್ನು ಒಂದೇ ಸಮನೆ ಒತ್ತಿಬಿಟ್ಟೆ. ಚೈನು ಬಿದ್ದು ಬಾಲ ಸಿಕ್ಕಿಕೊಂಡಿತು."

"ಗೇರ್ ನಿನಗೆ ಗೊತ್ತಿತ್ತಲ್ಲ?"

ನರಿ ಕಣ್ಣು ಮುಚ್ಚಿಕೊಂಡ. "ಏನೂ ಗೊತ್ತಿಲ್ಲ. ನೀನು ಕಲಿಯುವುದನ್ನೇ ಬಿಟ್ಟುಬಿಡಲಿ ಎಂದು ಬಾಯಿಗೆ ಬಂದದ್ದು ಹೇಳಿದೆ."

ದುರುಗವ್ವ ಕುಳಿತು ಪೆಡಲ್ಲನ್ನು ಮೆಲ್ಲಗೆ ಹಿಂದಕ್ಕೆ ತಿರುಗಿಸಿದಳು. ಬಾಲ ಬಿಟ್ಟುಕೊಂಡಿತು. ಅದರ ಕೂದಲೆಲ್ಲ ಚೈನಿನಲ್ಲೇ ಉಳಿಯಿತು. ನರಿ ಕುಂಟುತ್ತ ಬಂಡಿಯ ಹತ್ತಿರ ಹೋದ. ಕಾದು ಕಾದು ಬೇಸತ್ತ ಹಂದಿಗಳು ನೊಗ ಕೊಡವಿಕೊಂಡು ಕಾಡಿನೊಳಗೆ ಹೊರಟುಹೋಗಿದ್ದವು.

"ದುರುಗವ್ವ, ನನ್ನನ್ನು ಮನೆಗೆ ಮುಟ್ಟಿಸುತ್ತೀಯಾ?" ಎಂದು ನರಿ ಕೇಳಿದ.

"ಇದಕ್ಕೆ ಹಿಂದೆ ಸೀಟಿಲ್ಲ ತಿಮ್ಮರಸು," ಎಂದಳು ಅವಳು.

ಚೈನು ಕೂರಿಸಿ, ನೆತ್ತಿಯವರೆಗೆ ಸೈಕಲ್ ತುಳಿದಳು. ಅಲ್ಲಿಂದ ಬ್ರೇಕ್ ಹಿಡಿದು ಹಿಡಿದು ಬಿಡುತ್ತ ತನ್ನ ಮಗ್ಗುಲಿಗೆ ಇಳಿದಳು. ನರಿ ತಾನೇ ನೊಗಕ್ಕೆ ಹೆಗಲು ಕೊಟ್ಟು ಖಾಲಿ ಬಂಡಿಯನ್ನು ಎಳೆಯುತ್ತ ಹಿಂದಿನಿಂದ ಬಂದ.

ನೀತಿ: ಬಿಟ್ಟುಹೋದ ವಿದ್ಯೆಯನ್ನು ಯಾವ ವಯಸ್ಸಿನಲ್ಲೂ ಮತ್ತೆ ಕಲಿಯಬಹುದು, ಕಲಿಯುವವರನ್ನು ಸುಳ್ಳು ಹೇಳಿ ತಡೆಯುವವನು ಕೊನೆಗೆ ತನ್ನ ಸುಳ್ಳಿನಲ್ಲೇ ಸಿಕ್ಕಿಬೀಳುತ್ತಾನೆ.