ಕೊಕ್ಕು ಒರೆಸುವ ಕಲ್ಲು

ತೋಪಿನ ಪಂಚಾಯಿತಿಯಲ್ಲಿ ಮಾತಾಡುವ ಹಕ್ಕಿ ಮೊದಲು ಬಿಳಿಕಲ್ಲಿಗೆ ಕೊಕ್ಕು ಒರೆಸಬೇಕು. ಅದು ಯಾರ ಅನ್ನ ಉಂಡು ಬಂದಿದೆ ಎಂಬುದು ಎಲ್ಲರಿಗೂ ಕಾಣಲಿ ಎಂದು ಹಿರಿಯರು ಮಾಡಿದ ಕಟ್ಟಳೆ.

ಈಚಲು ಮರದ ಹೆಂಡದ ಗಡಿಗೆಗೆ ಬಾಯಿಟ್ಟ ಅಳಿಲಿನ ಮರಿಯೊಂದು ತೂರಾಡಿ ಬಿದ್ದು ಸತ್ತಿತ್ತು. ಉಳಿದ ಮರಿಯೂ ಅತ್ತಲೇ ಓಡುತ್ತಿತ್ತು. ತಾಯಿ ಅಳಿಲು ಪಂಚಾಯಿತಿ ಸೇರಿಸಿ ಮರಕುಟಿಗವನ್ನು ಕೇಳಿತು: "ಮರಗಳ ಒಳಗನ್ನು ಬಲ್ಲವನು ನೀನು. ಹೆಂಡ ಕೆಟ್ಟದ್ದೇ, ಅಣ್ಣ?"

"ಪರೀಕ್ಷೆ ಮಾಡಿದ್ದೇನೆ. ಒಂದು ಗುಟುಕು ಎದೆಗೆ ಒಳ್ಳೆಯದು. ಬಿದ್ದದ್ದು ನಿನ್ನ ಮರಿಯ ಕಾಲಿನ ತಪ್ಪು."

"ಕೊಕ್ಕು ಒರೆಸಲಿಲ್ಲವಲ್ಲ," ಎಂದಿತು ಮುದಿ ಕಾಗೆ.

"ಪಂಡಿತರಿಗೂ ಅದೇ ಕಟ್ಟಳೆಯೋ?" ಎನ್ನುತ್ತ ಮರಕುಟಿಗ ಒರೆಸಿತು. ಕಲ್ಲಿನ ಮೇಲೆ ಹೆಂಡದ ನೊರೆ ಉಳಿಯಿತು.

"ಗಡಿಗೆಯಿಂದ ದಿನಾ ನನಗೊಂದು ಪಾಲು ಸಿಗುತ್ತದೆ, ನಿಜ. ಆದರೆ ನಾನು ಸುಳ್ಳು ಹೇಳಲಿಲ್ಲ," ಎಂದಿತು ತಗ್ಗಿದ ದನಿಯಲ್ಲಿ.

"ಇರಬಹುದು. ಮೊದಲೇ ಒರೆಸಿದ್ದರೆ ನಿನ್ನ ಮಾತನ್ನು ತೂಗಿ ನೋಡುತ್ತಿದ್ದೆ," ಎಂದಿತು ಅಳಿಲು. "ಹೋಗಲಿ, ಆ ಒಂದು ಗುಟುಕನ್ನು ನಿನ್ನ ಮರಿಗೆ ಕುಡಿಸಿದ್ದೀಯಾ?"

ಮರಕುಟಿಗ ತಲೆ ತಗ್ಗಿಸಿ, ಒರೆಸಿದ ಕೊಕ್ಕನ್ನೇ ಮತ್ತೆ ಮತ್ತೆ ಕಲ್ಲಿಗೆ ಉಜ್ಜತೊಡಗಿತು.