ಚೌಡಮ್ಮನ ಮುದ್ರೆ ಕಾಯ್ದ ತಿಪ್ಪೇಶಿ

ಹೂಂಗುಟ್ಟೋರು ಮುಂದೆ ಬನ್ನಿ, ಆಕಳಿಸೋರು ಹಿಂದಕ್ಕೆ ಸರಿದು ಕೂತ್ಕೊಳ್ಳಿ.

ಒಬ್ಬ ಪೆದ್ದ ಇದ್ದ. ಹೆಸರು ತಿಪ್ಪೇಶಿ. ಆಳೆತ್ತರ ಬೆಳೆದಿದ್ದ, ಬುದ್ಧಿ ಮಾತ್ರ ಸಾಸಿವೆಯಷ್ಟೂ ಇರಲಿಲ್ಲ. ಹೇಳಿದ್ದನ್ನ ಹೇಳಿದ ಹಾಗೇ ಮಾಡ್ತಿದ್ದ, ಅದೇ ಅವನ ರೋಗ.

ಅವನ ತಾಯಿ ಚೌಡಮ್ಮ, ನೇಕಾರರ ಮನೆ ಹೆಣ್ಣು, ಮಹಾ ಜಾಣೆ. ಸೀರೆ ಅಂಚಿಗೆ ಯಾವ ಎಳೆ ಏಳಬೇಕು, ಯಾವ ಎಳೆ ಕೂರಬೇಕು ಅಂತ ಮಗ್ಗಕ್ಕೆ ಹೇಳಿಕೊಡೋ ಪ್ರೋಗ್ರಾಮನ್ನ ಕಂಪ್ಯೂಟರಿನಲ್ಲಿ ಬರೀತಿದ್ದಳು. ಬರೆದು, ಗಂಟು ಕಟ್ಟಿ, ಎಲ್ಲರ ಭಂಡಾರಕ್ಕೆ ಹಾಕ್ತಿದ್ದಳು. ಭಂಡಾರ ಅಂದ್ರೆ ಅದೂ ಕಂಪ್ಯೂಟರಿನೊಳಗಿನದೇ. ಬಲ್ಲೋರು ಹಾಕ್ತಾರೆ, ಬೇಕಾದೋರು ಪುಕ್ಕಟೆ ತಗೊಳ್ತಾರೆ.

ಒಂದು ಸಲ ಯಾವನೋ ಖದೀಮ ಚೌಡಮ್ಮನ ಹೆಸರಲ್ಲಿ ಹಾಳು ಗಂಟೊಂದು ಹಾಕಿಬಿಟ್ಟ. ತಗೊಂಡೋರ ಮಗ್ಗದಲ್ಲಿ ನವಿಲು ಬರೋ ಕಡೆ ಹಂದಿ ಬಂತು! ಮದುವೆ ಸೀರೆ ಮೇಲೆ ಹಂದಿ! ಭಂಡಾರ ಕಾಯೋ ಹಾಲಪ್ಪ ಫೋನು ಮಾಡಿದ.

"ಚೌಡಮ್ಮಾರೇ, ಜನ ನಿಮಗೆ ಉಗೀತಿದಾರೆ. ಹೊತ್ತು ಮುಳುಗೋದ್ರೊಳಗೆ ನಿಮ್ಮ ಮುದ್ರೆ ಬಿದ್ದ ಒಳ್ಳೆ ಗಂಟು ಬರಬೇಕು. ಇಲ್ಲಾಂದ್ರೆ ಭಂಡಾರದಿಂದ ನಿಮ್ಮ ಹೆಸರೇ ಅಳಿಸ್ತೀನಿ!"

ಕಣದಲ್ಲಿ ಕಾಳಿನ ರಾಶಿಗೆ ಹಲಗೆ ಅಚ್ಚಿನಿಂದ ಬೂದಿ ಮುದ್ರೆ ಹೊಡೀತಿದ್ದರಲ್ಲ, ಕಂಪ್ಯೂಟರಿನೊಳಗಿನ ಈ ಮುದ್ರೆಯೂ ಹಾಗೇ. ಒಂದು ಕಾಳು ಕದಲಿದರೂ ಗೊತ್ತಾಗುತ್ತೆ. ಅಸಲಿಯೋ ನಕಲಿಯೋ ಹೋಲಿಸಿ ನೋಡೋಕೆ ಮುದ್ರೆಯ ಗುರುತು ಊರಿಗೆಲ್ಲ ತಿಳಿದಿರಬೇಕು. ಹೊಡೆಯೋ ಅಚ್ಚು ಮಾತ್ರ ಮನೆ ಬಿಟ್ಟು ಹೋಗಬಾರದು.

ಚೌಡಮ್ಮನಿಗೋ ಕಣ್ಣಿನ ಆಪರೇಷನ್ ಆಗಿ ಪಟ್ಟಿ ಕಟ್ಟಿದ್ದರು. ಏನು ಮಾಡ್ತಾಳೆ? ಪೆದ್ದನನ್ನೇ ಕೂರಿಸಿದಳು.

"ಲೋ ತಿಪ್ಪೇಶಿ, ಆ ನವಿಲಿನ ಗಂಟು ಕಳಿಸೋ."

"ಆಯ್ತಮ್ಮ!"

ಕಳಿಸಿದ. ಹಾಲಪ್ಪ ವಾಪಸು ಎಸೆದ. "ಮುದ್ರೆ ಎಲ್ರೀ?"

"ಅಯ್ಯೋ ಮಂಕೇ! ಮುದ್ರೆ ಹಾಕಲಿಲ್ವೇನೋ?"

"ನೀ ಕಳಿಸು ಅಂದೆ, ಕಳಿಸಿದೆ."

"ಮೊದಲು ಮುದ್ರೆ ಕಣೋ, ಆಮೇಲೆ ಮಿಕ್ಕಿದ್ದೆಲ್ಲ!"

"ಆಯ್ತಮ್ಮ!"

ಏನು ಮಾಡಿದ ಗೊತ್ತಾ? ಬರೀ ಖಾಲಿ ಗಂಟಿಗೆ ಮೊದಲು ಮುದ್ರೆ ಹೊಡೆದ. ಆಮೇಲೆ ಅದರೊಳಗೆ ನವಿಲು ತುರುಕಿದ! ಹಾಲಪ್ಪ ಮತ್ತೆ ಎಸೆದ. "ಮುದ್ರೆ ಒಡೆದಿದೆ ಕಣ್ರೀ! ಯಾರು ಕೈ ಹಾಕಿದ್ದು?"

"ಕೋಣನೇ! ಮುದ್ರೆ ಬಿದ್ದ ಮೇಲೆ ಒಳಗೆ ಕೈ ಹಾಕ್ತಾರೇನೋ? ಎಲ್ಲ ತುಂಬಿ ಮುದ್ರೆ ಹೊಡಿ. ಹೊಡೆದ ಮೇಲೆ ಮುಟ್ಟಬೇಡ! ಮನೆಗೆ ಬೆಂಕಿ ಬಿದ್ದರೂ ಮುಟ್ಟಬೇಡ!"

"ಆಯ್ತಮ್ಮ!"

ಈ ಸಲ ತುಂಬಿದ, ಮುದ್ರೆ ಹೊಡೆದ. ಚೊಕ್ಕವಾಗಿ ಹೊಡೆದ. ಹೊಡೆದು, ಕೈಕಟ್ಟಿ ಕೂತ. ಬಿಸಿಲು ಅಂಗಳ ದಾಟಿತು, ಜಗಲಿ ದಾಟಿತು. ಹಾಲಪ್ಪನ ಫೋನು. "ಗಂಟು ಎಲ್ರೀ?"

"ಕಳಿಸಲಿಲ್ವೇನೋ ದರಿದ್ರದವನೇ?"

"ಕಳಿಸಬೇಕಾದ್ರೆ ಮುಟ್ಟಬೇಕಲ್ಲಮ್ಮ! ನೀನೇ ಮುಟ್ಟಬೇಡ ಅಂದಿದ್ದು."

"ನಿನ್ನ ಹೆತ್ತ ಹೊಟ್ಟೆಗೆ ಮಣ್ಣು ಹಾಕ! ಮನೆಯಲ್ಲಿಟ್ಟು ಪೂಜೆ ಮಾಡ್ತೀಯೇನೋ? ಕಳಿಸು! ಏನೇನಿದೆಯೋ ಎಲ್ಲ ಕಳಿಸು! ಒಂದೂ ಉಳಿಸಬೇಡ!"

"ಆಯ್ತಮ್ಮ!"

ಕಳಿಸಿದ. ಗಂಟು ಕಳಿಸಿದ, ಗುರುತು ಕಳಿಸಿದ, ಜೊತೆಗೆ ಅಚ್ಚನ್ನೂ ಕಳಿಸಿದ! ಬೂದಿ ಮುದ್ರೆ ಹೊಡೆದು, ಆ ಹಲಗೆಯನ್ನ ರಾಶಿ ಮೇಲೇ ಇಟ್ಟು ಬಂದಂಗಾಯ್ತು. ಕಂಡೋರೆಲ್ಲ ಅಚ್ಚು ಎತ್ತಿಕೊಂಡರು. ಚೌಡಮ್ಮನ ಮುದ್ರೆ ಹೊಡೆದು ಒಬ್ಬ ಕತ್ತೆ ಅಂಚು ಹಾಕಿದ, ಇನ್ನೊಬ್ಬ ಜಿರಲೆ ಅಂಚು ಹಾಕಿದ!

ಹಾಲಪ್ಪ ಬೊಬ್ಬೆ ಹೊಡೆದ. "ಆ ಮುದ್ರೆ ಬಿದ್ದು ಬಂದದ್ದನ್ನೆಲ್ಲ ಆಚೆ ಹಾಕ್ದೆ ಚೌಡಮ್ಮಾರೇ, ನಿಮ್ಮದನ್ನೂ ಸೇರಿಸಿ! ಇನ್ನೂ ಚೂರು ಬೆಳಕಿದೆ. ಹೊಸ ಅಚ್ಚು ಮಾಡಿ, ಗುರುತು ಕೊಡಿ!"

ಚೌಡಮ್ಮ ಮಗನ ಕಿವಿ ಹಿಂಡಿದಳು. "ಮುಠ್ಠಾಳ! ಹೊಸ ಅಚ್ಚು ಮಾಡು. ಇನ್ಮೇಲೆ ಚೌಡಮ್ಮನ ಮುದ್ರೆ ಇದೊಂದೇ ಅಂತ ಭಂಡಾರಕ್ಕೆ ಗುರುತು ಕಳಿಸು. ಅಚ್ಚು ಮಾತ್ರ ಯಾವ ನರಪಿಳ್ಳೆಗೂ ಸಿಗಬಾರದು! ತಿಳೀತಾ?"

"ತಿಳೀತಮ್ಮ!"

ಮಾಡಿದ. ಗುರುತು ಕಳಿಸಿದ. ಹಾಲಪ್ಪ ಹೇಳಿದ, "ಬಂತು! ಇನ್ನು ಬೇರೆ ಮುದ್ರೆ ಹೊಡೆದು ಆ ಬ್ರಹ್ಮನೇ ಕಳಿಸಿದರೂ ನಾನು ಒಳಗೆ ಬಿಡಲ್ಲ. ಬೇಗ ಗಂಟು ಕಳಿಸಿ!"

ಚೌಡಮ್ಮನಿಗೆ ಹೋದ ಜೀವ ಬಂತು. "ಹೊಡಿಯೋ ಕಂದಾ, ಹೊಸ ಮುದ್ರೆ ಹೊಡಿ!"

"ಅಚ್ಚು ಇಲ್ವಲ್ಲಮ್ಮ."

"ಎಲ್ಲಿಟ್ಟೆಯೋ?"

"ನಾನಿಟ್ರೆ ನನಗೆ ಸಿಗ್ತದೆ, ನೀನಿಟ್ರೆ ನಿನಗೆ ಸಿಗ್ತದೆ. ನಾವೂ ನರಪಿಳ್ಳೆಗಳೇ ಅಲ್ವೇನಮ್ಮ? ಅದಕ್ಕೇ ಅಳಿಸಿಬಿಟ್ಟೆ!"

ಚೌಡಮ್ಮ ಹಣೆ ಹಣೆ ಚಚ್ಚಿಕೊಂಡಳು. ಹೊತ್ತು ಮುಳುಗಿತು. ಅತ್ತ ಹಾಲಪ್ಪ ಭಂಡಾರದಿಂದ ಅವಳ ಹೆಸರು ಅಳಿಸಿದ.

ಅದನ್ನ ಕಂಪ್ಯೂಟರಿನಲ್ಲಿ ನೋಡಿ ಆ ಪೆದ್ದಮುಂಡೇದು ಚಪ್ಪಾಳೆ ತಟ್ಟಿತು.

"ಅಮ್ಮಾ, ಅಮ್ಮಾ! ಹಾಲಪ್ಪಣ್ಣನೂ ನನ್ನಷ್ಟೇ ಜಾಣ! ನಿನ್ನ ಹೆಸರೂ ಯಾವ ಕಳ್ಳನಿಗೂ ಸಿಗದಂಗೆ ಮಾಡಿಬಿಟ್ಟ!"