ಚಕ್ರ ನೆಲ ಮುಟ್ಟಿದ ಮೇಲೆ

"ಅದೇನೋ ಅಂತಾರಲ್ಲ... ಎರಡು ಕಬ್ಬಿಣದ ನಡುವೆ ಕೂತಿರುತ್ತದೆ, ರಬ್ಬರಿನ ಬಳೆ..." ಗುರು ಪುಟ್ಟತಾಯಮ್ಮನವರು ಹಣೆ ಉಜ್ಜಿಕೊಂಡರು.

"ಬುಷ್, ತಾಯಿ," ಅಂದಳು ಶಿಷ್ಯೆ ಸರ್ವಮಂಗಳ.

"ಹಾಂ, ಅದೇ. ಕಾರಿನ ಕೆಳಗೆ ಅದು ಅರಚುತ್ತಿದೆ."

ನದಿ ದಂಡೆಯ ಆ ಆಶ್ರಮಕ್ಕೆ ಒಂದೇ ಒಂದು ಹಳೆಯ ಕಾರು. ಕಾಯಿಲೆಯವರನ್ನು ಪೇಟೆಯ ಆಸ್ಪತ್ರೆಗೆ ಮುಟ್ಟಿಸುತ್ತಿದ್ದದ್ದು ಅದೇ. ನೋಡಿಕೊಳ್ಳುವವಳು ಸರ್ವಮಂಗಳ.

ಅವಳಿಗೆ ಬೇಕಿದ್ದದ್ದು ದೀಕ್ಷೆ. ಬಂದ ದಿನವೇ ಕೇಳಿದ್ದಳು.

"ಮೊದಲು ಕಾರನ್ನು ಸರಿಮಾಡು," ಅಂದಿದ್ದರು ಗುರು.

ಅವಳು ಬುಷ್‌ಗಳಿಗೆ ಗ್ರೀಸ್ ಮೆತ್ತಿದಳು. ಸದ್ದು ಅಂದೇ ನಿಂತಿತು.

"ನಿಂತಿತು ತಾಯಿ! ದೀಕ್ಷೆ?"

"ಅಳುವ ಮಗುವಿನ ಬಾಯಿಗೆ ಕೈ ಅಡ್ಡ ಹಿಡಿದಿದ್ದೀಯ."

ಮಳೆಗಾಲ ಮುಗಿಯುವಷ್ಟರಲ್ಲಿ, ಗ್ರೀಸ್ ಕುಡಿದ ರಬ್ಬರ್ ಊದಿಕೊಂಡು ಮೆತ್ತಗಾಯಿತು.

ಹೊಸ ಬುಷ್ ತಂದಳು. ಈ ಸಲ ಗ್ರೀಸ್ ಮುಟ್ಟಲಿಲ್ಲ, ಸೋಪಿನ ನೀರು ಸವರಿ ಒಳಗೆ ಕೂರಿಸಿದಳು. ಕಾರು ಜಾಕಿಯ ಮೇಲಿದ್ದಾಗಲೇ ಹಲ್ಲು ಕಚ್ಚಿ ಬೋಲ್ಟ್ ಬಿಗಿದಳು.

ಎರಡೇ ತಿಂಗಳಿಗೆ ರಬ್ಬರ್ ಹರಿಯಿತು.

ಮತ್ತೆ ಹಾಕಿದಳು, ಇನ್ನೂ ಬಿಗಿಯಾಗಿ. ಮತ್ತೆ ಹರಿಯಿತು.

"ಸಾಕಾಯಿತೇನೇ?" ಅಂದರು ಗುರು.

"ಇಲ್ಲ. ಸರಿಹೋಗುವ ತನಕ ಬಿಡುವವಳಲ್ಲ."

ಮೂರನೆಯ ಸಲ ಅವಳು ಸ್ಪ್ಯಾನರ್ ಎತ್ತಿದಾಗ ಗುರು ಅವಳ ಕೈ ಹಿಡಿದರು.

"ಬೋಲ್ಟ್ ಸಡಿಲವಾಗಿಯೇ ಇರಲಿ. ಕಾರು ಇಳಿಸು."

ಇಳಿಸಿದಳು. ಗುರು ಮುಂದಿನ ಸೀಟಿನಲ್ಲಿ ಕೂತರು. ಆಸ್ಪತ್ರೆಗೆ ಹೊರಟಿದ್ದ ಮೂವರು ಹಿಂದೆ ಕೂತರು. ಕಾರು ನಾಲ್ಕು ಬೆರಳು ಕುಗ್ಗಿತು.

"ಈಗ ಬಿಗಿ."

ಸರ್ವಮಂಗಳ ಕಾರಿನ ಕೆಳಗೆ ತೂರಿದಳು. ಭಾರ ಬಿದ್ದೊಡನೆ ಚಕ್ರವನ್ನು ಹಿಡಿದ ಕಬ್ಬಿಣದ ತೋಳು ಬೇರೆಯೇ ಓರೆಗೆ ತಿರುಗಿ ನಿಂತಿತ್ತು. ಇಷ್ಟು ದಿನ, ಚಕ್ರ ಗಾಳಿಯಲ್ಲಿ ತೂಗಾಡುವಾಗ ಬಿಗಿದ ರಬ್ಬರ್, ಅದು ನೆಲ ಮುಟ್ಟಿದ ಕ್ಷಣದಿಂದಲೇ ತಿರುಚಿಕೊಳ್ಳುತ್ತಿತ್ತು. ನಿಂತಲ್ಲೇ ಹರಿಯುತ್ತಿತ್ತು.

"ಬೇಗ ಮುಗಿಸವ್ವಾ," ಹಿಂದಿನ ಸೀಟಿನಿಂದ ಕರಿಯಪ್ಪಜ್ಜ ಕೂಗಿದ. "ನೀನು ಬಿಗಿಯುವಷ್ಟರಲ್ಲಿ ನನ್ನ ಇನ್ನೊಂದು ಕಣ್ಣಿನ ಪೊರೆಯೂ ಹಣ್ಣಾದೀತು!"

ಅವಳು ಕೊನೆಯ ಬೋಲ್ಟ್ ಬಿಗಿದು, ಸ್ಪ್ಯಾನರ್ ಎದೆಯ ಮೇಲಿಟ್ಟುಕೊಂಡು ಅಲ್ಲಿಂದಲೇ ಕೇಳಿದಳು:

"ತಾಯಿ, ಬಂದ ದಿನವೇ ನನಗೆ ಯಾಕೆ ದೀಕ್ಷೆ ಕೊಡಲಿಲ್ಲ?"

ಕಿಟಕಿಯಿಂದ ಉತ್ತರ ಬಂತು:

"ಅವತ್ತು ನಿನ್ನ ಕಾಲು ನೆಲದ ಮೇಲೆ ಎಲ್ಲಿತ್ತೇ, ಹುಡುಗಿ? ಈಗ ಇವರನ್ನು ಆಸ್ಪತ್ರೆ ಮುಟ್ಟಿಸು. ನಾಳೆ ಬೆಳಿಗ್ಗೆ ಸ್ನಾನ ಮಾಡಿ ಬಾ."